ದರಿಯಾ ದೌಲತ್ತೂ ಶ್ರೀರಂಗಪಟ್ಟಣವೂ

ಮೈಸೂರಿಗೆ ರಜೆ ಕಳೆಯಲು ಹೋಗುವವರಲ್ಲಿ ಬಹುಮಂದಿ ಶ್ರೀರಂಗಪಟ್ಟಣವನ್ನು ದಾರಿಯಲ್ಲಿ ಸಿಕ್ಕುವ ಊರೆಂದೇ ಎಣಿಸುವರು. ರಂಗನಾಥನಿಗೆ ಕೈಮುಗಿದು, ದರಿಯಾ ದೌಲತ್ತಿನ ತೋಟವನ್ನು ಒಂದು ಸುತ್ತು ಹಾಕಿ, ಸಂಗಮದಲ್ಲಿ ಕಾಲು ತೊಳೆದು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ತಿಂದು ಮುಂದೆ ಹೊರಟುಬಿಡುವರು. 2023ರಲ್ಲಿ ಬೆಂಗಳೂರಿಗೂ ಮೈಸೂರಿಗೂ ನಡುವಣ ಹೊಸ ಹೆದ್ದಾರಿ ತೆರೆದ ಮೇಲಂತೂ ಊರೊಳಕ್ಕೆ ಕಾಲಿಡದೆಯೇ ಅದನ್ನು ದಾಟಿ ಹೋಗುವುದು ಸುಲಭವಾಗಿದೆ. ಈ ಸಲದ ದಸರೆಯ ರಜೆಯಲ್ಲಿ ನಾವು ಮೈಸೂರಿನ ಬಂಧುಗಳ ಮನೆಯಲ್ಲಿ ತಂಗಿದ್ದೆವು. ಅರಮನೆಯ ದೀಪಾಲಂಕಾರವನ್ನೂ ಜಂಬೂಸವಾರಿಯನ್ನೂ ನೋಡಿ ಮುಗಿದ ಮೇಲೆ, ಒಂದು ಇಡೀ ದಿನವನ್ನು ಶ್ರೀರಂಗಪಟ್ಟಣಕ್ಕೇ ಮೀಸಲಿಟ್ಟು, ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ಬೆಳಗಿನ ರೈಲಿನಲ್ಲಿ ಹೊರಟೆವು. ಅರ್ಧ ಗಂಟೆಯೊಳಗಿನ ಪ್ರಯಾಣ.

ಊರೆಂದರೆ ಕಾವೇರಿಯ ಎರಡು ಕವಲುಗಳ ನಡುವಣ ನಡುಗಡ್ಡೆ. ಉದ್ದ ಸುಮಾರು 3 ಮೈಲಿ, ಅಗಲ 1 ಮೈಲಿ. ಪಶ್ಚಿಮದ ತುದಿಯಲ್ಲಿ ಕೋಟೆ. ಪೂರ್ವದ ಕಡೆ ಗಂಜಾಂ. ಕೋಟೆಯ ಹೊರಗೆ, ಗಂಜಾಮಿನ ದಾರಿಯಲ್ಲಿ ದರಿಯಾ ದೌಲತ್. ಗಂಗರ ಸಾಮಂತನಾದ ತಿರುಮಲಯ್ಯನು 894ರಲ್ಲಿ ರಂಗನಾಥನ ಗುಡಿಯನ್ನು ಕಟ್ಟಿಸಿದನೆಂದು ಹೇಳುವರು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ವಶಪಡಿಸಿಕೊಂಡು ಇಲ್ಲಿಯೇ ನೆಲೆನಿಂತರು. ಮೈಸೂರರಸರ ದಸರೆ ಮೊದಲು ನಡೆದುದು ಆ ವರ್ಷ, ಈ ಊರಿನಲ್ಲಿ. ಅಲ್ಲಿಂದ 1799ರವರೆಗೆ, ಒಡೆಯರ ಕಾಲದಲ್ಲಿಯೂ ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿಯೂ, ರಾಜಧಾನಿ ಇದೇ ಆಗಿದ್ದಿತು. ಸುಮಾರು ಇನ್ನೂರು ವರ್ಷ ರಾಜಧಾನಿಯಾಗಿದ್ದ ಊರಿನಲ್ಲಿ ಅರಮನೆಗಳು ಸಾಲುಸಾಲಾಗಿ ಇರಬೇಕಷ್ಟೆ. ಆದರೆ ಇಂದು ಪೂರ್ತಿಯಾಗಿ ನಿಂತಿರುವುದು ಒಂದೇ. ಅದೂ ರಾಜ್ಯವಾಳಿದ ಅರಮನೆಯಲ್ಲ, ಬೇಸಗೆಯ ಬಿಸಿಲನ್ನು ಕಳೆಯಲು ಕಟ್ಟಿಸಿದ ತೋಟದ ಮನೆ. ಉಳಿದವು ಎಲ್ಲಿಗೆ ಹೋದುವು ಎಂಬುದೇ ಆ ದಿನವೆಲ್ಲ ನಮ್ಮ ಮಾತಾಯಿತು.

ನಿಲ್ದಾಣದಿಂದ ಆಟೋರಿಕ್ಷಾ ಹಿಡಿದು ಮೊದಲು ದರಿಯಾ ದೌಲತ್ತಿಗೆ ಹೋದೆವು. ಟಿಪ್ಪುವು 1784ರಲ್ಲಿ ಕಟ್ಟಿಸಿದ ಈ ಮನೆಯನ್ನು ದೂರದಿಂದ ಕಂಡವರಿಗೆ ‘ಇಷ್ಟೇನೆ?’ ಎನ್ನಿಸಿದರೆ ಆಶ್ಚರ್ಯವಿಲ್ಲ. ಮೈಸೂರಿನ ಅರಮನೆಯನ್ನು ನೋಡಿ ಬಂದ ಕಣ್ಣಿಗಂತೂ ಇದು ಚಿಕ್ಕದು. ಗೋಪುರವಿಲ್ಲ, ಕಳಸವಿಲ್ಲ. ಎತ್ತರವಾದ ಜಗಲಿಯ ಮೇಲೆ ಚೌಕನಾದ ಕಟ್ಟಡ. ನಾಲ್ಕು ಕಡೆಯೂ ಅಗಲವಾದ ಮೊಗಸಾಲೆ. ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಬಾಗಿದ ಕಮಾನುಗಳು. ಬಿಸಿಲು ಮಳೆಗಳು ಗೋಡೆಗೆ ತಾಕದಂತೆ ಇಳಿಬಿಟ್ಟ ತಟ್ಟಿಗಳು. ಒಳಗೆ ಕಾಲಿಟ್ಟೊಡನೆ ಮಾತ್ರ ಭಾವನೆ ಬೇರೆಯಾಗುತ್ತದೆ. ಗೋಡೆ, ಕಂಬ, ಕಮಾನು, ಮುಚ್ಚಿಗೆ ಎಲ್ಲಿಯೂ ಬರಿದಾದ ಜಾಗವಿಲ್ಲ. ಬಳ್ಳಿ, ಹೂವು, ಎಲೆಗಳು ಒಂದರೊಳಗೊಂದು ಹೆಣೆದುಕೊಂಡು ಮೇಲಕ್ಕೆ ಹಬ್ಬಿವೆ. ಅತ್ತೆಯವರು ಬಹಳ ಹೊತ್ತು ಮುಚ್ಚಿಗೆಯನ್ನೇ ನೋಡುತ್ತಿದ್ದು, “ಜರತಾರಿ ಸೀರೆಯ ಸೆರಗನ್ನು ಬಿಡಿಸಿ ಹಾಸಿದ ಹಾಗಿದೆ” ಎಂದರು. ಇದಕ್ಕಿಂತ ಚೆನ್ನಾಗಿ ವರ್ಣಿಸಲು ನಮ್ಮಿಂದಾಗದು.

ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಪಶ್ಚಿಮದ ಹೊರಗೋಡೆ. ಅಲ್ಲಿ ಒಂದು ಯುದ್ಧವೇ ನಡೆಯುತ್ತಿದೆ. 1780ನೆಯ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೇಯ್ಲಿಯ ಇಂಗ್ಲಿಷ್ ಸೇನೆಯನ್ನು ಸುತ್ತುಗಟ್ಟಿ ಮುರಿದರು. ಕೆಲವೇ ಮೈಲಿಗಳಾಚೆ ದೊಡ್ಡ ಸೈನ್ಯದೊಡನೆ ಇದ್ದ ಸರ್ ಹೆಕ್ಟರ್ ಮನ್ರೋ ನೆರವಿಗೆ ಬರಲಿಲ್ಲ. ಅಲ್ಲಿಯವರೆಗೆ ಭಾರತದಲ್ಲಿ ಕಂಪನಿಯವರಿಗೆ ಅಂಥ ಸೋಲು ಆಗಿರಲಿಲ್ಲವೆಂದು ಅವರ ಕಡೆಯವರೇ ಬರೆದಿದ್ದಾರೆ. ಚಿತ್ರದಲ್ಲಿ ಕೆಂಪಂಗಿಯ ಸಿಪಾಯಿಗಳು ಚೌಕಟ್ಟಾಗಿ ನಿಂತು ನಾಲ್ಕು ದಿಕ್ಕಿಗೂ ಗುಂಡು ಹಾರಿಸುತ್ತಿದ್ದಾರೆ. ನಡುವೆ ಮದ್ದಿನ ಗಾಡಿ ಸಿಡಿದು ಬೆಂಕಿ ಎದ್ದಿದೆ. ಗಾಯಗೊಂಡ ಬೇಯ್ಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸುತ್ತಲೂ ಮೈಸೂರಿನ ಕುದುರೆಸವಾರರು ನುಗ್ಗುತ್ತಿರುವರು. ಟಿಪ್ಪುವಿಗೆ ಸಹಾಯಕನಾದ ಫ್ರೆಂಚ್ ಸರದಾರ ಲಾಲಿಯು ದುರ್ಬೀನಿನಲ್ಲಿ ನೋಡುತ್ತಿರುವನು. ಇದರ ಎಡಗಡೆಯಲ್ಲಿ ಹೈದರನೂ ಟಿಪ್ಪುವೂ ಸೇನೆಯೊಡನೆ ಸಾಗುತ್ತಿರುವ ಮೆರವಣಿಗೆ. ಆಳ, ದೂರ, ನೆರಳುಗಳ ಲೆಕ್ಕ ಇಲ್ಲಿಲ್ಲ. ಕುದುರೆಯ ಮೇಲೆ ಕುದುರೆ, ತಲೆಯ ಮೇಲೆ ತಲೆ; ನೂರಾರು ಮುಖಗಳು ಒಂದೇ ಅಚ್ಚಿನವು, ಕಣ್ಣುಗಳು ಮಾತ್ರ ಅಗಲವಾಗಿ ತೆರೆದಿವೆ. ಚಿತ್ರಕಲೆಯನ್ನು ಶಾಸ್ತ್ರೋಕ್ತವಾಗಿ ಕಲಿತವರು ಮೂಗು ಮುರಿದಾರು. ನಮಗಾದರೋ ಹಬ್ಬದಲ್ಲಿ ಹರಡಿದ ಬೊಂಬೆಗಳಿಗೆ ರೋಷ ಬಂದು ಎದ್ದಂತೆ ತೋರಿತು. ಇದೇ ಯುದ್ಧವನ್ನು ಮೂವತ್ತು ಅಡಿಗೂ ಮೀರಿ ಉದ್ದವಾದ ಕಾಗದದ ಮೇಲೆ ಬರೆದ ಹಳೆಯ ಚಿತ್ರವೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು. ಗೋಡೆಯ ಚಿತ್ರಕ್ಕೆ ಬೆಲೆ ಕಟ್ಟುವವರಿಲ್ಲದಿರುವುದೇ ಅದರ ಪುಣ್ಯ.

ಆಗ ನಮ್ಮ ಹಿರಿಯ ಮಗಳು ಒಂದು ಪ್ರಶ್ನೆ ಕೇಳಿದಳು: “ಅಪ್ಪಾ, ಕೊನೆಗೆ ಗೆದ್ದವರು ಇಂಗ್ಲಿಷರಲ್ಲವೆ? ತಾವು ಸೋತ ಚಿತ್ರವನ್ನು ಅವರೇಕೆ ಅಳಿಸಲಿಲ್ಲ?”

ಹತ್ತು ವರ್ಷದ ಹುಡುಗಿಯ ಈ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. 1799ರ ಮುತ್ತಿಗೆಗೆ ಮುಂಚೆಯೇ ಈ ಚಿತ್ರ ಕೆಡಿಸಲ್ಪಟ್ಟಿತ್ತೆಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. ಕೋಟೆ ಬಿದ್ದ ಮೇಲೆ ಪಟ್ಟಣದ ಅಧಿಕಾರ ವಹಿಸಿಕೊಂಡ ಕರ್ನಲ್ ವೆಲ್ಲೆಸ್ಲಿಯು, ಮುಂದೆ ವೆಲಿಂಗ್ಟನ್ ದೊರೆಯೆನಿಸಿಕೊಂಡು ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ದರಿಯಾ ದೌಲತ್ತನ್ನೇ ತನ್ನ ವಾಸಕ್ಕೆ ಆರಿಸಿಕೊಂಡು ಚಿತ್ರವನ್ನು ಸರಿಪಡಿಸಿದನು. ಅವನು ಹೋದ ಮೇಲೆ ಯಾರೋ ಅದರ ಮೇಲೆ ಸುಣ್ಣ ಬಳಿದರು. ಚಿತ್ರ ಬಹುಮಟ್ಟಿಗೆ ಅಳಿದೇಹೋಯಿತು. 1850ರ ದಶಕದಲ್ಲಿ ಮೈಸೂರಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿಯು ಅದನ್ನು ಮತ್ತೆ ಬರೆಯಿಸಲು ಅಪ್ಪಣೆಮಾಡಿದನು. ಮೊದಲಿನ ಚಿತ್ರವನ್ನು ನೆನಪಿಟ್ಟುಕೊಂಡಿದ್ದ ನಮ್ಮ ನಾಡಿನ ಚಿತ್ರಕಾರನೊಬ್ಬನು ಆ ನೆನಪಿನಿಂದಲೇ ಬರೆದನಂತೆ. ಹಾಗಾದರೆ ನಾವು ಇಂದು ನೋಡುತ್ತಿರುವುದು ಟಿಪ್ಪುವಿನ ಚಿತ್ರವೆ, ಡಾಲ್‌ಹೌಸಿಯ ಚಿತ್ರವೆ? ಹೆಸರು ಉಳಿಯದ ಆ ಮುದುಕ ಚಿತ್ರಕಾರನ ನೆನಪಿನ ಚಿತ್ರ ಎಂದರೇ ಸರಿ. ಐವತ್ತು ವರ್ಷಗಳ ಹಿಂದೆ ನೋಡಿದ್ದ ಗೋಡೆಯೊಂದನ್ನು ಕಣ್ಣೊಳಗೆ ಇಟ್ಟುಕೊಂಡು ಬಾಳಿದವನ ಮುಂದೆ ಗವರ್ನರ್ ಜನರಲ್ಲನೂ ನಮಗೆ ಚಿಕ್ಕವನಾಗಿ ಕಂಡನು.

ಗೆದ್ದವರು ಅಳಿಸಲಿಲ್ಲವೇಕೆ ಎಂಬುದಕ್ಕೆ ನಮ್ಮ ಊಹೆ ಇಷ್ಟು: ಎದುರಾಳಿ ಎಷ್ಟು ದೊಡ್ಡವನೆಂದು ತೋರಿದರೆ ಗೆಲವೂ ಅಷ್ಟು ದೊಡ್ಡದೆನಿಸುತ್ತದೆ. ಕಟ್ಟಕಡೆಯ ಯುದ್ಧವನ್ನು ಗೆದ್ದವನಿಗೆ ಹಿಂದಿನ ಸೋಲೂ ಒಂದು ಅಲಂಕಾರ. ಮಗಳಿಗೆ ಇದು ಒಪ್ಪಿಗೆಯಾದಂತೆ ಕಾಣಲಿಲ್ಲ.

ಪೂರ್ವದ ಗೋಡೆಯಲ್ಲಿ ಆ ಕಾಲದ ರಾಜರು, ನವಾಬರು, ಪಾಳೆಯಗಾರರು ತಮ್ಮ ತಮ್ಮ ಒಡ್ಡೋಲಗಗಳಲ್ಲಿ ಕುಳಿತಿದ್ದಾರೆ. ಒಳಗಿನ ಕೊಠಡಿಗಳಲ್ಲಿ ಪುರಾತತ್ತ್ವ ಇಲಾಖೆಯವರು ವಸ್ತುಸಂಗ್ರಹಾಲಯವನ್ನು ಏರ್ಪಡಿಸಿದ್ದಾರೆ. ಟಿಪ್ಪುವಿನ ಮಕ್ಕಳ ರೇಖಾಚಿತ್ರಗಳ ಮುಂದೆ ನಮ್ಮ ಮಕ್ಕಳು ಬಹಳ ಹೊತ್ತು ನಿಂತರು. 1792ರ ಒಪ್ಪಂದದಂತೆ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಬೇಕಾದಾಗ, ಹಣ ಸಲ್ಲುವವರೆಗೆ ಒತ್ತೆಯಾಗಿ ಇಬ್ಬರು ಚಿಕ್ಕ ಮಕ್ಕಳನ್ನು ಕಂಪನಿಯವರು ಕರೆದೊಯ್ದರು. ಅವರು ಹಿಂದಿರುಗಿದುದು 1794ರಲ್ಲಿ. ಕಿರಿಯವನಿಗೆ ಎಂಟರ ಸುಮಾರು ಎಂದು ಹೇಳಿದಾಗ, ನಮ್ಮ ಎಂಟು ವರ್ಷದ ಮಗ ಅಜ್ಜಿಯ ಸೆರಗನ್ನು ಹಿಡಿದುಕೊಂಡದ್ದನ್ನು ನೋಡಿದೆವು.

ಮಧ್ಯಾಹ್ನಕ್ಕೆ ಕೋಟೆಯೊಳಕ್ಕೆ ಬಂದೆವು. ರಂಗನಾಥನ ದರ್ಶನವಾಯಿತು. ಆದಿಶೇಷನ ಮೇಲೆ ಮಲಗಿದ ದೊಡ್ಡ ಮೂರ್ತಿ. ಗರ್ಭಗುಡಿಯ ಮಬ್ಬುಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಅಂಗವಾಗಿ ಅದು ತೋರಿಬರುವ ಬಗೆ ಅಪೂರ್ವ. ಟಿಪ್ಪುವು ಈ ಗುಡಿಗೆ ಬೆಳ್ಳಿಯ ಪಾತ್ರೆಗಳನ್ನು ಒಪ್ಪಿಸಿದ್ದುಂಟು. ಅವನನ್ನು ಕುರಿತು ಇಂದು ನಮ್ಮ ನಾಡಿನಲ್ಲಿ ನಡೆಯುತ್ತಿರುವ ವಾದಗಳು ವಾಚಕರಿಗೆ ಗೊತ್ತೇ ಇವೆ. ರಜೆಗೆಂದು ಬಂದವರು ಆ ಕಣಕ್ಕೆ ಇಳಿಯಬೇಕಾಗಿಲ್ಲ. ಆದರೆ ಅವನು ಕಟ್ಟಿಸಿದುದನ್ನು ಹೇಳುವಾಗ ಕೆಡವಿಸಿದುದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಆ ಮಾತು ಮುಂದೆ ಬರುತ್ತದೆ.

ಗುಡಿಯಿಂದ ಸ್ವಲ್ಪ ದೂರದಲ್ಲಿ ಲಾಲ್ ಮಹಲ್. ಟಿಪ್ಪುವಿನ ರಾಜ್ಯಭಾರ ನಡೆದ ಅರಮನೆ, ಅವನ ಕುಟುಂಬ ವಾಸವಾಗಿದ್ದ ಮನೆ, ಇದು. “ಎಲ್ಲಿ? ಎಲ್ಲಿದೆ?” ಎಂದು ಮಗ ಸುತ್ತಲೂ ನೋಡಿದನು. ಕಾಲ ಕೆಳಗೆ ತೋರಿಸಬೇಕಾಯಿತು. ಹುಲ್ಲಿನ ನಡುವೆ ಅಸ್ತಿಭಾರದ ಸಾಲುಗಳು, ಅಲ್ಲಲ್ಲಿ ಮೊಳದೆತ್ತರದ ಗೋಡೆ, ಅಷ್ಟೆ. ಯುದ್ಧದಲ್ಲಿ ಉರುಳಿದುದಲ್ಲ ಇದು. ಕೋಟೆ ಬಿದ್ದ ಮೇಲೆ, ಶಾಂತಿಯ ಕಾಲದಲ್ಲಿ, ನಿಧಾನವಾಗಿ ಬಿಚ್ಚಿದುದು. ಉಳಿದ ಭಾಗದಲ್ಲಿ ಕೆಲವು ಕಾಲ ಗಂಧದ ಕೊರಡುಗಳನ್ನು ತುಂಬಿಟ್ಟಿದ್ದರು. ಆಮೇಲೆ ಅದೂ ಹೋಯಿತು. ಸಿಂಹಾಸನಕ್ಕೂ ಇದೇ ಗತಿ. ಚಿನ್ನದ ತಗಡು ಹೊದಿಸಿದ ಹುಲಿಯ ಪೀಠವನ್ನು ತುಂಡುತುಂಡಾಗಿ ಕತ್ತರಿಸಿ ಸೈನಿಕರು ಕೊಳ್ಳೆಯ ಪಾಲಿನಲ್ಲಿ ಹಂಚಿಕೊಂಡರು. ಹುಲಿಯ ತಲೆ ಇಂಗ್ಲೆಂಡಿನ ದೊರೆಗಳ ಮನೆ ಸೇರಿತು. ಟಿಪ್ಪುವಿನ ಸಂಸಾರವನ್ನು ವೆಲ್ಲೂರಿಗೂ, 1806ರ ದಂಗೆಯಾದ ಮೇಲೆ ಕಲ್ಕತ್ತೆಗೂ ಸಾಗಿಸಿದರು.

ಮನೆಗಳನ್ನು ಬಿಚ್ಚಿ ಸಾಗಿಸುವ ಈ ಕೆಲಸವನ್ನು ಇಲ್ಲಿ ಮೊದಲು ಮಾಡಿದವರು ಇಂಗ್ಲಿಷರಲ್ಲ. ಟಿಪ್ಪುವು ತನ್ನ ಆಳಿಕೆಯಲ್ಲಿ ಮೈಸೂರಿನ ಹಳೆಯ ಕೋಟೆಯನ್ನೂ ಊರನ್ನೂ ನೆಲಸಮಮಾಡಿಸಿ, ಆ ಕಲ್ಲುಗಳಿಂದ ಪೂರ್ವಕ್ಕೆ ಸುಮಾರು ಒಂದು ಮೈಲಿಯಲ್ಲಿ ನಜರಬಾದ್ ಎಂಬ ಹೊಸ ಕೋಟೆಯನ್ನು ಕಟ್ಟಲು ತೊಡಗಿದ್ದನು. ಆದ್ದರಿಂದಲೇ 1799ನೆಯ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟುವಾಗ ಮೈಸೂರಿನಲ್ಲಿ ಅರಮನೆ ಇರಲಿಲ್ಲ. ಚಪ್ಪರ ಹಾಕಿ ಪಟ್ಟ ಕಟ್ಟಬೇಕಾಯಿತು. ಬಳಿಕ ಕೋಟೆಯನ್ನು ಮತ್ತೆ ಕಟ್ಟಲು ಕಲ್ಲು ಬೇಕಾದಾಗ, ಅವೇ ಕಲ್ಲುಗಳನ್ನು ನಜರಬಾದಿನಿಂದ ಹಿಂದಕ್ಕೆ ಹೊತ್ತು ತಂದರು. ಹೋದ ದಾರಿಯಲ್ಲೇ ಕಲ್ಲು ಹಿಂದಿರುಗಿತು. ಹೊತ್ತವರ ಬೆನ್ನು ಎರಡು ಸಲವೂ ಬಡವರದೇ.

ಈ ಕಥೆಯನ್ನು ಕೇಳಿ ಅತ್ತೆಯವರು, “ಹಳೆ ಮನೆ ಬಿಚ್ಚಿದ ಸಾಮಾನನ್ನು ಹೊಸ ಮನೆಗೆ ಹಾಕಬಾರದೆಂದು ನಮ್ಮ ಹಿರಿಯರು ಸುಮ್ಮನೆ ಹೇಳುತ್ತಿದ್ದರೆ? ಅದಕ್ಕೇ ಆಮೇಲೆ ಕಟ್ಟಿದ ಅರಮನೆ ಸುಟ್ಟುಹೋಯಿತು” ಎಂದರು. ಹೊಸ ಅರಮನೆ ಮುಗಿದುದು 1803ರಲ್ಲಿ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಕಾಲದಲ್ಲಿ ಅದಕ್ಕೆ ಬೆಂಕಿ ಬಿದ್ದುದು 1897ರಲ್ಲಿ. ಇಂದು ನಾವು ನೋಡುವ ಅರಮನೆ ಆ ಬಳಿಕ ಎದ್ದು 1912ರಲ್ಲಿ ಮುಗಿದುದು. ತೊಂಬತ್ತು ವರ್ಷ ಬಾಳಿದ ಮನೆಗೆ ಕಲ್ಲಿನ ದೋಷ ಹೇಳುವುದು ಹೇಗೆ? ನಮ್ಮ ಹಳ್ಳಿಗಳಲ್ಲಿ ಬಿದ್ದ ಮನೆಯ ತೊಲೆಯನ್ನು ಕೊಟ್ಟಿಗೆಗೂ, ಕೊಟ್ಟಿಗೆಯ ಜಂತೆಯನ್ನು ಒಲೆಯ ಮನೆಗೂ ಹಾಕಿಕೊಳ್ಳದ ಸಂಸಾರ ಉಂಟೆ? ಹಾಗೆಂದು ನಾವು ವಾದಿಸಹೋಗಲಿಲ್ಲ. ಅಷ್ಟು ಹೊತ್ತಿಗೆ ಬುತ್ತಿ ಬಿಚ್ಚುವ ಸಮಯವಾಗಿತ್ತು.

ಕೋಟೆಯ ಉಳಿದ ಸ್ಥಳಗಳನ್ನು ಬೇಗಬೇಗ ನೋಡಿದೆವು. 1799ನೆಯ ಮೇ 4ರ ಮಧ್ಯಾಹ್ನ ಗೋಡೆಯೊಡೆದ ಜಾಗ, ಟಿಪ್ಪುವಿನ ದೇಹ ಸಿಕ್ಕಿತೆಂದು ಕಲ್ಲು ನೆಟ್ಟ ಜಾಗ, ಬೇಯ್ಲಿಯ ಹೆಸರು ಹೊತ್ತ ನೆಲಮಾಳಿಗೆಯ ಸೆರೆಮನೆ, ಎರಡು ಎತ್ತರವಾದ ಮಿನಾರುಗಳ ಜಾಮಿಯಾ ಮಸೀದಿ. ಇವನ್ನೆಲ್ಲ ಪಾಠಪುಸ್ತಕಗಳು ವಿಸ್ತಾರವಾಗಿ ಹೇಳಿರುವುದರಿಂದ ಇಲ್ಲಿ ಬಿಡುತ್ತೇವೆ. ಒಂದು ಮಾತು ಮಾತ್ರ ಹೇಳಬೇಕು: ಕೋಟೆಯೊಳಗಣ ಊರು ಇಂದಿಗೂ ಜೀವಂತವಾಗಿದೆ. ಬತೇರಿಯ ಪಕ್ಕದಲ್ಲಿ ಬಟ್ಟೆ ಒಣಗುತ್ತದೆ. ಕಂದಕದ ಅಂಚಿನಲ್ಲಿ ಕರು ಮೇಯುತ್ತದೆ. ಟಿಪ್ಪುವಿನ ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಬುಕಾನನ್ ಎಂಬ ಪ್ರವಾಸಿ ಅಂದಾಜು ಮಾಡಿದ್ದಾನೆ. ಅವನು ಬಂದ 1800ರಲ್ಲಿ ಎಣಿಸಿದಾಗ ಸಿಕ್ಕಿದವರು ಮೂವತ್ತೆರಡು ಸಾವಿರದಷ್ಟು. ಅರಸರು ಮೈಸೂರಿಗೆ ಹೋದರು. ಚಳಿಜ್ವರದ ಕಾಟ ತಾಳಲಾರದೆ ಕಂಪನಿಯ ದಂಡು 1809ರ ಸುಮಾರಿಗೆ ಬೆಂಗಳೂರಿಗೆ ಹೋಯಿತು. ಅರಮನೆಯ ತೊಲೆಗಳ ಹಾಗೆ ಜನವೂ ಬಿಚ್ಚಿಕೊಂಡು ಹೋದರು.

ಗಂಜಾಮಿನ ಕಥೆ ಇದಕ್ಕೆ ತಿರುವುಮುರುವು. ಆ ಊರನ್ನು ತುಂಬಲು ಶಿರಾದಿಂದ ಹನ್ನೆರಡು ಸಾವಿರ ಸಂಸಾರಗಳನ್ನು ಎಬ್ಬಿಸಿ ತಂದರೆಂದು ಗೆಜೆಟಿಯರಿನಲ್ಲಿದೆ. ಮನೆ ಬಿಟ್ಟು ಬಂದ ಆ ಹೆಣ್ಣುಮಕ್ಕಳು ಒರಳುಕಲ್ಲನ್ನು ತಂದರೋ, ಬಿಟ್ಟು ಬಂದರೋ? ಗೆಜೆಟಿಯರು ಅದನ್ನು ಬರೆದಿಲ್ಲ. ಗಂಜಾಮಿನ ಅಂಜೂರ ಹಿಂದಿನಿಂದಲೂ ಹೆಸರಾದುದು. ನಮಗೆ ಸಿಕ್ಕಿದ ಹಣ್ಣು ಚೆನ್ನಾಗಿಯೇ ಇದ್ದಿತು. ನಿಮಿಷಾಂಬೆಯ ಗುಡಿಯಲ್ಲಿ ಹೆಸರಿನಂತೆ ನಿಮಿಷದಲ್ಲಿ ದರ್ಶನವಾಗಲಿಲ್ಲ. ಸಾಲು ನದಿಯ ಮೆಟ್ಟಿಲವರೆಗೆ ಇದ್ದಿತು.

ದ್ವೀಪದ ಪೂರ್ವಭಾಗದಲ್ಲಿ ಗುಂಬಜ್. ತಂದೆ ಹೈದರನಿಗಾಗಿ ಟಿಪ್ಪುವು ಕಟ್ಟಿಸಿದ ಗೋರಿಯ ಮಂದಿರವಿದು. ಸುತ್ತಲೂ 36 ಕರಿಕಲ್ಲಿನ ಕಂಬಗಳು. ಕೈಯಿಟ್ಟರೆ ಮುಖ ಕಾಣುವ ಹಾಗೆ ನಯವಾಗಿವೆ. ಆನೆಯ ದಂತ ಕೂರಿಸಿದ ಕರಿಮರದ ಬಾಗಿಲುಗಳು ಆಮೇಲೆ ಡಾಲ್‌ಹೌಸಿ ಕೊಡಿಸಿದುವು. ಒಳಗಿನ ಗೋಡೆಗೆ ಹುಲಿಪಟ್ಟೆ ಬರೆದಿದೆ. ಹೈದರ, ಅವನ ಹೆಂಡತಿ, ಮಗ ಟಿಪ್ಪು ಮೂವರೂ ಇಲ್ಲಿ ಮಲಗಿದ್ದಾರೆ. ಹೂವಿನ ವಾಸನೆ, ಸಾಂಬ್ರಾಣಿಯ ಹೊಗೆ. ಎಲ್ಲ ಮತದವರೂ ಪಾದರಕ್ಷೆ ಬಿಟ್ಟು ಒಳಗೆ ಹೋಗಿ ಮೌನವಾಗಿ ಬರುತ್ತಿದ್ದರು.

ಇದರ ಸುತ್ತಲಿನ ತೋಟ ಲಾಲ್ ಬಾಗ್. ಇಲ್ಲಿಯೂ ಒಂದು ಅರಮನೆ ಇದ್ದಿತು. 1792ರ ಮುತ್ತಿಗೆಯಲ್ಲಿ ಇಂಗ್ಲಿಷರು ತೋಟವನ್ನು ಹಿಡಿದು, ಸಾಲಾಗಿ ಬೆಳೆದಿದ್ದ ಸೈಪ್ರೆಸ್ ಮರಗಳನ್ನು ಮುತ್ತಿಗೆಯ ಕೆಲಸಕ್ಕೆ ಕಡಿದು, ಅರಮನೆಯನ್ನು ಗಾಯಾಳುಗಳ ಆಸ್ಪತ್ರೆಯಾಗಿ ಮಾಡಿಕೊಂಡರು. ಮುಂದೆ ಆ ಅರಮನೆಯನ್ನೂ ಬಿಚ್ಚಿದರು. ಅದರ ತೊಲೆಗಳು ನೀಲಗಿರಿಯನ್ನು ಹತ್ತಿ ಉದಕಮಂಡಲಕ್ಕೆ ಹೋಗಿ, 1830ರಲ್ಲಿ ಪ್ರತಿಷ್ಠೆಯಾದ ಸಂತ ಸ್ಟೀಫನ್ನನ ಇಗರ್ಜಿಯ ಮಾಡನ್ನು ಹೊತ್ತುವು. ಉದಕಮಂಡಲಕ್ಕೆ ರಜೆಗೆ ಹೋಗುವ ವಾಚಕರು ಅಲ್ಲಿ ತಲೆಯೆತ್ತಿ ನೋಡಿದರೆ ಅವು ಇಂದಿಗೂ ಕಾಣುವುವು. ಶ್ರೀರಂಗಪಟ್ಟಣದ ಒಂದು ಅರಮನೆಯನ್ನು ನೋಡಲು ಹೀಗೆ ಬೆಟ್ಟವನ್ನೇ ಹತ್ತಬೇಕು. ಮರ ಕೆಟ್ಟಿಲ್ಲ, ಒಳ್ಳೆಯ ನೆರಳಿನಲ್ಲಿದೆ, ದಿನವೂ ಪ್ರಾರ್ಥನೆ ಕೇಳುತ್ತದೆ. ಆದರೂ ತವರಿನಿಂದ ದೂರ ಕೊಟ್ಟ ಮಗಳನ್ನು ನೆನೆದಂತೆ, ಬರಿದಾದ ಆ ತೋಟದಲ್ಲಿ ನಿಂತು ಅದನ್ನು ನೆನೆದೆವು.

ಸಂಜೆಯ ರೈಲಿಗೆ ಇನ್ನೂ ಹೊತ್ತಿದ್ದಿತು. ರೈಲುದಾರಿಯ ಬಳಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿರುವುದನ್ನು ನೋಡಿ ಬರೋಣವೆಂದು ಹೋದೆವು. ಇಟ್ಟಿಗೆ ಗಾರೆಗಳ ದಪ್ಪ ಗೋಡೆಯ, ಕಿಟಕಿಯಿಲ್ಲದ, ಕುಳ್ಳಾದ ಕಟ್ಟಡ. ಚೆಲುವೆಂಬುದು ಅದರಲ್ಲಿ ಏನೂ ಇಲ್ಲ. ಪ್ರವಾಸಿಗಳು ಅತ್ತ ತಿರುಗಿಯೂ ನೋಡುವುದಿಲ್ಲ. ಬೆಂಗಳೂರು–ಮೈಸೂರು ರೈಲಿಗೆ ಎರಡನೆಯ ಹಳಿ ಹಾಕುವಾಗ ಇದು ದಾರಿಗೆ ಅಡ್ಡವಾಯಿತು. ಹಿಂದಿನ ಕಾಲವಾಗಿದ್ದರೆ ಒಂದು ವಾರದ ಹಾರೆಗೆಲಸ. ಆದರೆ 2017ರಲ್ಲಿ, ಸುಮಾರು ಸಾವಿರ ಟನ್ ತೂಗುವ ಈ ಕಟ್ಟಡದ ಬುಡಕ್ಕೆ ಉಕ್ಕಿನ ತೊಲೆಗಳನ್ನು ಸೇರಿಸಿ, ಇಡಿಯಾಗಿಯೇ ಎತ್ತಿ, ನೂರು ಮೀಟರಿಗೂ ಮಿಗಿಲಾದ ದೂರ ಅಂಗುಲಂಗುಲವಾಗಿ ಸರಿಸಿ, ಹೊಸ ಅಸ್ತಿಭಾರದ ಮೇಲೆ ಕೂರಿಸಿದರು. ಇಟ್ಟಿಗೆಯೊಂದೂ ಬೇರೆಯ ಮನೆಗೆ ಹೋಗಲಿಲ್ಲ.

“ಒಳಗಿದ್ದವರಿಗೆ ಗೊತ್ತಾಗುತ್ತಿತ್ತೆ?” ಎಂದು ಮಗ ಕೇಳಿದನು. ಒಳಗೆ ಯಾರೂ ಇರಲಿಲ್ಲವೆಂದು ಹೇಳಿದೆವು. ಅತ್ತೆಯವರು ಗೋಡೆಯ ಹತ್ತಿರ ಹೋಗಿ, ಮನೆಗೆ ಬಂದ ಹಳೆಯ ನೆಂಟರನ್ನು ಮುಟ್ಟಿ ನೋಡುವಂತೆ ಅದರ ಗಾರೆಯ ಮೇಲೆ ಕೈಯಾಡಿಸಿದರು. ಅಷ್ಟರಲ್ಲಿ ಮೈಸೂರಿನ ಕಡೆಯಿಂದ ಗಾಡಿ ಬಂದು, ಆ ಮನೆ ಮೊದಲು ನಿಂತಿದ್ದ ಜಾಗದ ಮೇಲೆಯೇ ಹಾದು ಬೆಂಗಳೂರಿನತ್ತ ಹೋಯಿತು.